ಟೋಪಿ ಕಂಡರೆ ಸಿಡುಕುವ ಥೋಂಗ್

"ಹೊಡೆದಿದ್ದೀರಾ ಇವನಿಗೆ? ನಿಜ ಹೇಳಿ!"

ಫೈಲಿನ್ ಮೆಟ್ಟಿಲ ಮೇಲಿಂದಲೇ ಕೂಗಿದಳು. ಕೆಳಗೆ ಅಂಗಳದಲ್ಲಿ ತಾಳೆಗರಿಯ ಟೋಪಿ ತೊಟ್ಟು ನಿಂತಿದ್ದ ಥಾವೋನ್ ಕಕ್ಕಾಬಿಕ್ಕಿಯಾದ. ಅವನ ಕೈಯ ಹಗ್ಗದ ತುದಿಯಲ್ಲಿ ಥೋಂಗ್... ಹೋದ ವರ್ಷ ಇದೇ ಮನೆಯಿಂದ ಅವನು ಕೊಂಡೊಯ್ದಿದ್ದ ಬಾಂಗ್‌ಕೇವ್ ತಳಿಯ ಕಾವಲು ನಾಯಿ. ಅವನು ಸ್ವಲ್ಪ ಬಾಗಿದರೂ ಅದು ನೆಲಕ್ಕಂಟಿ ಗುರುಗುಟ್ಟುತ್ತಿತ್ತು.

"ಹೊಡೀತೀನಾ ನಾನು? ಮನೇಲಿ ನನ್ನ ಕಾಲ ಮೇಲೇ ಮಲಗ್ತಾನೆ. ಗದ್ದೆಗೆ ಹೊರಟ್ರೆ ನನ್ನ ಮೇಲೇ ಗುರ್ ಅಂತಾನೆ. ಮೊನ್ನೆ ಪಕ್ಕದ ಗದ್ದೆಯವರ ಕೈ ಕಚ್ಚಿಬಿಟ್ಟ. ಅದಕ್ಕೇ..."

"ಅದಕ್ಕೇ ಬಿಟ್ಟು ಹೋಗೋಕೆ ಬಂದ್ರಿ! ಕೊಡಿ ಇಲ್ಲಿ. ನೀವಿನ್ನು ಹೊರಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಹಗ್ಗ ಕಿತ್ತುಕೊಂಡು ಬೆನ್ನು ತಿರುಗಿಸಿದಳು. ಅವನು ತಲೆ ತಗ್ಗಿಸಿ ನದಿಯ ಕಡೆ ನಡೆದ.

ಇಂಥವನಿಗಾಗಿಯೇ ನಾನು ವರ್ಷವಿಡೀ ದಾರಿ ಕಾದದ್ದು? ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ನಕ್ಕ ಆ ಮುಖವನ್ನು ಎಷ್ಟು ಸಲ ನೆನೆದಿದ್ದೆ! ಅವಳಿಗೆ ಅಳು ಉಕ್ಕಿ ಬಂತು.

ಮರುದಿನ ಬಾತುಕೋಳಿ ಮಾರುವವನು ಬಂದ. ಅವನ ತಲೆಯ ಮೇಲೂ ತಾಳೆಗರಿ ಟೋಪಿ. ಕಂಬಗಳ ಮೇಲೆ ಎತ್ತರಕ್ಕೆ ನಿಂತ ಮನೆಯ ಅಡಿಯಲ್ಲಿ ಹೊಸ ಮರಿಗಳಿದ್ದವು. ಮೂರು ತಿಂಗಳಾಗುವವರೆಗೆ ಮರಿಗಳನ್ನು ಹೊರಗಿನವರು ಮುಟ್ಟಬಾರದು, ಹೊರಗಿನವರು ಬಂದಾಗಲೆಲ್ಲ ತಗಡು ಬಡಿದು ಅವುಗಳ ರೋಷ ಕೆರಳಿಸಬೇಕು. ಆ ಮನೆಯಲ್ಲಿ ತಲೆಮಾರುಗಳಿಂದ ಬಂದ ಪದ್ಧತಿಯಿದು.

ಅಪ್ಪ ತಗಡು ಬಡಿದರು. ಮರಿಗಳು ಒಂದರ ಮೇಲೊಂದು ಬಿದ್ದವು. ಎಲ್ಲಕ್ಕಿಂತ ಚಿಕ್ಕದು ಟೋಪಿಯನ್ನೇ ನೋಡುತ್ತಾ ನೆಲಕ್ಕಂಟಿ ಗುರುಗುಟ್ಟಿತು. ಮೂಲೆಯಲ್ಲಿ ಕಟ್ಟಿದ್ದ ಥೋಂಗ್ ಕೂಡ ಥೇಟ್ ಹಾಗೆಯೇ!

ಫೈಲಿನ್‌ಗೆ ಹೊಳೆಯಿತು: ಇಲ್ಲಿಗೆ ಬರುವವರೆಲ್ಲ ಇಂಥ ಟೋಪಿಯವರೇ, ನಿನ್ನೆ ಥಾವೋನ್‌ನ ತಲೆಯ ಮೇಲೂ ಅದೇ ಇತ್ತು.

"ಅಪ್ಪಾ, ನಿಲ್ಲಿಸಿ!"

"ಯಾಕೆ? ನಮ್ಮಪ್ಪನೂ ಹೀಗೇ ಬೆಳೆಸಿದ್ದು. ಅದಕ್ಕೇ ನಮ್ಮ ನಾಯಿಗಳಿಗೆ ಇಷ್ಟು ಹೆಸರು."

"ಇವು ಕಾಯೋದನ್ನ ಕಲೀತಿಲ್ಲ ಅಪ್ಪ, ಹೆದರೋದನ್ನ ಕಲೀತಿವೆ. ಹೆದರಿದ ನಾಯೀನೇ ಕಚ್ಚೋದು."

ಅಪ್ಪ ಗೊಣಗಿದರು. ಆದರೆ ಅವಳು ತಗಡನ್ನು ಕಸಿದುಕೊಂಡಾಗ ತಡೆಯಲಿಲ್ಲ.

ಅವಳು ಥೋಂಗ್‌ನನ್ನು ಕರೆದುಕೊಂಡು ನೇರ ಥಾವೋನ್‌ನ ಗದ್ದೆಗೆ ಹೋದಳು. ನಾಟಿ ಹಾಕುತ್ತಿದ್ದ ಅವನು ಎದ್ದು ನಿಂತ. ನಾಯಿ ಗುರುಗುಟ್ಟಿತು.

"ಟೋಪಿ ತೆಗೀರಿ."

"ಏನು?"

"ತೆಗೀರಿ ಅಂದೆ!"

ಅವನು ತೆಗೆದ. ಥೋಂಗ್ ಮೂಸಿ ನೋಡಿತು, ಬಾಲ ಆಡಿಸಿತು, ಕೆಸರಿಗೇ ಹಾರಿ ಅವನ ಮೈಮೇಲೆ ಬಿತ್ತು.

ಫೈಲಿನ್ ಎಲ್ಲವನ್ನೂ ಹೇಳಿದಳು. "ತಪ್ಪು ನಮ್ಮ ಮನೇದು. ನಿಮ್ಮನ್ನ ಅಂದುಬಿಟ್ಟೆ... ಕ್ಷಮಿಸಿ."

"ನಾನು ಅವನನ್ನ ಬಿಡೋಕೆ ಬಂದಿರಲಿಲ್ಲ ಲಿನ್. ಏನು ಮಾಡ್ಲಿ ಅಂತ ಕೇಳೋಕೆ ಬಂದೆ. ನಿಮ್ಮನ್ನ ನೋಡೋಕೂ ಅದೊಂದೇ ನೆಪ ಇದ್ದದ್ದು."

ಅವಳ ಕೆನ್ನೆ ಬಿಸಿಯಾಯಿತು. ಆದರೂ ನಿಜ ಹೇಳಲೇಬೇಕಿತ್ತು. "ಅವನು ಪೂರ್ತಿ ಸರಿ ಹೋಗಲ್ಲ. ಮರಿಯಾಗಿದ್ದಾಗ ಮನಸ್ಸಿಗೆ ಹೊಕ್ಕ ಭಯ ಅದು. ದಿನಾ ತಾಳ್ಮೆಯಿಂದ ಕಲಿಸಿದ್ರೆ ಸ್ವಲ್ಪ ಕಡಿಮೆ ಆಗಬಹುದು, ಅಷ್ಟೇ. ಹೊರಗೆ ಕರ್ಕೊಂಡು ಹೋದಾಗ ಯಾವಾಗಲೂ ಹಗ್ಗ ಇರ್ಬೇಕು. ಅಂಥ ನಾಯಿ ಇದ್ರೆ ನಿಮ್ಮ ಮನೆಗೆ ಯಾರೂ ಬರಲ್ಲ."

"ಬೇರೆ ಯಾರೂ ಬರೋದು ಬೇಡ. ನೀವು ಬನ್ನಿ."

"ನೆಂಟಳಾಗಿಯಾ?"

"ನೆಂಟರು ಸಂಜೆಗೆ ಎದ್ದು ಹೋಗ್ತಾರೆ, ಲಿನ್."

ಅವಳು ನಗು ತಡೆದುಕೊಂಡಳು. "ಹಾಗಾದ್ರೆ ನನ್ನಪ್ಪನ್ನ ಕೇಳೋಕೆ ಬನ್ನಿ. ಅವರೂ ಸ್ವಲ್ಪ ಗುರ್ ಅಂತಾರೆ. ಹೆದರಿ ಓಡಿ ಹೋಗ್ಬೇಡಿ..."

"ಓಡಲ್ಲ. ಬಾಗಿಲಲ್ಲೇ ಕೂತಿರ್ತೀನಿ, ಹೂಂ ಅನ್ನೋವರೆಗೂ."