ಮಧುಚಂದ್ರಕ್ಕೆ ಅತ್ತೆಯೂ ಬಂದರು

"ಅಯ್ಯೋ!"

ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು. ಬೀಳಲಿದ್ದ ಪದ್ಮಜಾಳ ಕೈಯನ್ನು ಅಭಿಜಿತ ಗಬಕ್ಕನೆ ಹಿಡಿದ. ಮದುವೆಯ ಮಂಟಪ ಬಿಟ್ಟರೆ ಗಂಡ ಅವಳ ಕೈ ಹಿಡಿದದ್ದು ಇದೇ ಮೊದಲು! ಎದೆ ಡವಡವ ಎಂದಿತು. ಇನ್ನೊಂದು ಅಲೆ ಬರಲಿ, ದೊಡ್ಡದೇ ಬರಲಿ...

"ಅಭೀ, ನನ್ನ ಚಪ್ಪಲ್ ತೇಲಿ ಹೋತೋ!" ದಂಡೆಯಿಂದ ಅತ್ತೆ ಮಥುರಾಬಾಯಿ ಕೂಗಿದರು.

ಅಭಿಜಿತ ಕೈಬಿಟ್ಟು ಚಪ್ಪಲಿಯ ಹಿಂದೆ ಓಡಿದ. ಪದ್ಮಜಾ ತುಟಿ ಕಚ್ಚಿ ನಿಂತಳು.

ನೀವೇ ಹೇಳಿ, ಮಧುಚಂದ್ರಕ್ಕೆ ಯಾರಾದರೂ ತಾಯಿಯನ್ನೂ ಕಾಕಾನನ್ನೂ ಕಟ್ಟಿಕೊಂಡು ಬರುತ್ತಾರೆಯೇ? ಈ ಪುಣ್ಯಾತ್ಮ ಬಂದಿದ್ದ! ರಾಮದುರ್ಗದಿಂದ ಹೊರಟ ನಾಲ್ವರ ಬೆನ್ನಿಗೂ ಒಂದೊಂದು ಚೀಲ. ಅತ್ತೆಯ ಚೀಲದ ತುಂಬ ಹಚ್ಚಿದ ಅವಲಕ್ಕಿ, ನೀಲಕಂಠ ಕಾಕಾನ ಚೀಲದ ತುಂಬ ಮೊಣಕಾಲಿನ ಎಣ್ಣೆ. ಮುರುಡೇಶ್ವರ ಮುಗಿದಿತ್ತು, ಇದು ಗೋಕರ್ಣ, ನಾಳೆ ಕಾರವಾರ. ಎಲ್ಲ ಊರಲ್ಲೂ ಲಾಡ್ಜಿನಲ್ಲಿ ಹೆಂಗಸರಿಗೊಂದು ಖೋಲಿ, ಗಂಡಸರಿಗೊಂದು. ಫೋನು ಮಾಡಿ ಹಾಗೆ ಹಿಡಿದವನು ಅಭಿಜಿತನೇ. ಅದನ್ನವಳು ಕಿವಿಯಾರೆ ಕೇಳಿದ್ದಳು.

'ನಾ ಇವರಿಗೆ ಸೇರೂದಿಲ್ಲ. ಮನಿಯವರ ಒತ್ತಾಯಕ್ಕ ತಾಳಿ ಕಟ್ಯಾರ...' ಎಂದು ಅಂದಿನಿಂದ ಅವಳ ಮನಸ್ಸು ಕೊರೆಯುತ್ತಿತ್ತು.

ತವರು ಬೈಲಹೊಂಗಲಕ್ಕೆ ಹೆಣ್ಣು ನೋಡಲು ಬಂದ ದಿನವೇ ಪದ್ಮಜಾ ಅವನಿಗೆ ಮನಸ್ಸು ಕೊಟ್ಟಿದ್ದಳು. ಅವನೋ, ನವಿಲುತೀರ್ಥದ ಅಣೆಕಟ್ಟಿನ ಕಚೇರಿಯಲ್ಲಿ ಕೆಲಸ ಮಾಡಿ ಮಾಡಿ ಮಾತಿಗೂ ಗೇಟು ಹಾಕಿ ಇಟ್ಟಿದ್ದ!

ಸಂಜೆ ಅತ್ತೆ, ಕಾಕಾ ಗುಡಿಗೆ ಹೋದರು. ಅಭಿಜಿತ ಎಳನೀರು ತಂದು ಹಿಡಿದ.

"ತಗೋ. ಯಾಕ, ಆರಾಮ ಇಲ್ಲೇನು?"

"ನನಗ ಬ್ಯಾಡ್ರಿ." ಅವಳು ಮುಖ ತಿರುಗಿಸಿದಳು. "ತಿರುಗಿ ಹೋಗೂ ಮುಂದ ಧಾರವಾಡದಾಗ ನನ್ನ ಇಳಿಸಿಬಿಡ್ರಿ. ನೀವು ಸವದತ್ತಿ ಮ್ಯಾಲೆ ಊರಿಗೆ ಹೋಗ್ರಿ, ನಾ ಬೈಲಹೊಂಗಲದ ಬಸ್ ಹತ್ತತೀನಿ. ಬ್ಯಾಡಾದಾಕಿ ನಿಮ್ಮ ಮನ್ಯಾಗ ಯಾಕ ಇರಲಿ?"

"ಬ್ಯಾಡಾದಾಕಿ? ಯಾರಂದ್ರು?"

"ಅನ್ನಬೇಕೇನ್ರಿ? ನನ್ನ ಜೋಡಿ ಒಬ್ಬರ ಇರಬಾರದಂತ ಮನಿ ಮಂದೀನೆಲ್ಲ ಕರಕೊಂಡು ಬಂದೀರಲ್ಲ!"

ಅಭಿಜಿತ ಎಳನೀರನ್ನು ಮರಳಿನ ಮೇಲಿಟ್ಟ.

"ನಿನ್ನ ಸಲುವಾಗಿ ಕರಕೊಂಡು ಬಂದೆ, ಪದ್ಮಜಾ! ನೋಡಲಿಕ್ಕೆ ಬಂದಾಗ ನೀನ ಹೇಳಿದ್ದಿ... 'ನನಗ ಸುತ್ತ ಮಂದಿ ಇರಬೇಕು, ಅತ್ತಿ ಕಣ್ಣ ಮುಂದ ಇದ್ರನ ಸಮಾಧಾನ' ಅಂತ."

"ಅಯ್ಯ ದೇವರ! ಬಾಗಲ ಹಿಂದ ನಿಮ್ಮ ಅವ್ವಾರು ಕಿವಿ ಹಚ್ಚಿ ನಿಂತಿದ್ರು! ಅವರ ಸೀರಿ ಸೆರಗು ನನಗ ಕಾಣತಿತ್ತು. ಮತ್ತೇನ ಹೇಳಬೇಕಿತ್ತು?"

"ನಾ ಖರೇ ಅಂತ ತಿಳದೆ..." ಅವನು ಹತ್ತಿರ ಬಂದ. "ನನ್ನ ಜೋಡಿ ಒಬ್ಬಾಕಿ ಇರಲಿಕ್ಕೆ ಅಂಜತೀ ಅಂತ ದೂರ ಇದ್ದೆ. ನೀ ಅಂದ್ರ ನನಗ ಜೀವ, ಪದ್ಮಜಾ. ಬೈಲಹೊಂಗಲಕ್ಕ ಹೋಗಬ್ಯಾಡ."

ಅವಳು ಅಳುತ್ತಲೇ ನಕ್ಕಳು. ಗಂಡನ ಕೈ ತಾನೇ ಹಿಡಿದುಕೊಂಡಳು. ಗುಡಿಯಿಂದ ಬಂದ ಅತ್ತೆಯನ್ನು ಕಂಡರೂ ಬಿಡಲಿಲ್ಲ.

"ಅತ್ಯಾ, ಸಿಟ್ಟಾಗಬ್ಯಾಡ್ರಿ. ಕಾರವಾರಕ್ಕ ನಾವಿಬ್ಬರ ಹೋಗ್ತೀವಿ."

ಮಥುರಾಬಾಯಿ ಹಣೆ ಬಡಿದುಕೊಂಡರು. "ಅಯ್ಯ ನಮ್ಮವ್ವಾ! ಇದನ್ನ ರಾಮದುರ್ಗದಾಗ ಹೇಳಬಾರದ? 'ಪದ್ಮಜಾಗ ನೀ ಬೇಕು, ನೀ ಬೇಕು' ಅಂತ ಇಂವ ನನ್ನ ಎಳಕೊಂಡು ಬಂದ. ಮರಳಾಗ ನಡದು ನನ್ನ ಕಾಲು ಬಿದ್ದು ಹೋದ್ವು! ನೀಲಕಂಠ, ನಾಳೆ ನಾವು ಊರ ಕಡೆ ಹೋಗೋಣಪ್ಪಾ."

ಮರುದಿನ ಕಾರವಾರದ ಬಸ್ಸಿನಲ್ಲಿ ಗಂಡನ ಹೆಗಲಿಗೆ ಒರಗಿ ಕುಳಿತ ಪದ್ಮಜಾಳಿಗೆ ಕಿಟಕಿಯಾಚೆಯ ಸಮುದ್ರದ ಪರಿವೆಯೇ ಇರಲಿಲ್ಲ.

"ಈಗ ಯಾರೂ ಇಲ್ಲ," ಅಭಿಜಿತ ಪಿಸುಗುಟ್ಟಿದ. "ಒಮ್ಮೆ ನನ್ನ ಹೆಸರು ಹಿಡಿದು ಕರಿ ನೋಡೋಣು."

"ಛೀ! ಕಂಡಕ್ಟರ್ ಕೇಳತಾರ ರೀ!"

"ಹಂಗಾರ ಕಿವ್ಯಾಗ ಹೇಳು."

ಅವಳು ಕಿವಿಯಲ್ಲಿ ಹೇಳಿದಳು. ಅವನ ಕಣ್ಣು ತುಂಬಿ ಬಂತು.

"ಇನ್ನೊಮ್ಮೆ..."

"ಈಗ ಸಾಕು. ಜೀವ ಇರೂತನಕ ಕರೀತೀನಲ್ಲ!"