ನೆಪವಲ್ಲದ ತಲೆನೋವು

'ಅಯ್ಯೋ, ಮತ್ತೆ ಬಂದ!'

ಬಾಗಿಲಲ್ಲಿ ನಿಂತ ಹಾಲ್ವರ್‌ನನ್ನು ಕಂಡು ಡಾಕ್ಟರ್ ಇಂಗುನ್ ಮನಸ್ಸಿನಲ್ಲೇ ಗೊಣಗಿದಳು. ಹಿಂದೆಯೇ ಅವನ ದೊಡ್ಡಮ್ಮ ಓಸ್ತಾ.

ಉತ್ತರ ನಾರ್ವೆಯ ಆ ಪುಟ್ಟ ದ್ವೀಪಕ್ಕೆ ಮದುವೆಯಾಗದ ಹೊಸ ಡಾಕ್ಟರ್ ಬಂದಿದ್ದೇ ತಡ, ಹೆಂಗಸರಿಗೆಲ್ಲ ಕಾಯಿಲೆ ಶುರುವಾಗಿತ್ತು! ಒಬ್ಬಳಿಗೆ ಮೊಣಕಾಲು, ಇನ್ನೊಬ್ಬಳಿಗೆ ಕೆಮ್ಮು. ಜೊತೆಗೆ ತಪ್ಪದೆ ಒಬ್ಬ ಮದುವೆಯಾಗದ ಮಗನೋ, ತಮ್ಮನೋ. ಹೋದ ವಾರ ಓಸ್ತಾ ತಲೆನೋವೆಂದು ಬಂದಾಗ ಹಾಲ್ವರ್ ಇಂಗುನ್‌ಳನ್ನೇ ನೋಡುತ್ತ ಕೆಂಪಾಗಿದ್ದ. ಇದೂ ಅದೇ ನಾಟಕ ಎಂದುಕೊಂಡು ಅವಳು ನೋವಿನ ಮಾತ್ರೆ ಕೊಟ್ಟು ಸಾಗಹಾಕಿದ್ದಳು.

ಇವತ್ತು ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ.

"ಇವ್ಳು ಒಣಮೀನು ಕೂಡ ತಿನ್ತಿಲ್ಲ ಡಾಕ್ಟ್ರೇ. ಸ್ವಲ್ಪ ಅಗಿದ್ರೆ ದವಡೆ ನೋವಂತೆ, ನಿಲ್ಲಿಸಿದ್ರೆ ಹೋಗುತ್ತಂತೆ."

"ಹಲ್ಲು ಸೆಟ್ಟು ಸರಿಯಿಲ್ಲ ಕಣೋ! ಅದಕ್ಕೆಲ್ಲ ಡಾಕ್ಟ್ರಿಗೆ ತೊಂದ್ರೆ ಕೊಡ್ತಾರಾ?"

ಇಂಗುನ್ ಕಿವಿ ನಿಮಿರಿತು. ಅಗಿದರೆ ನೋವು, ನಿಲ್ಲಿಸಿದರೆ ಇಲ್ಲ... ಹಲ್ಲಿನ ನೋವು ಹೀಗಿರುತ್ತದೆಯೇ?

"ತಲೆ ಬಾಚಿದ್ರೆ ನೋಯುತ್ತಾ ಓಸ್ತಾ?"

"ನಿಂಗೆ ಹೇಗೆ ಗೊತ್ತಾಯ್ತು! ದಿಂಬು ತಾಗಿದ್ರೂ ನೋವು."

"ಕಣ್ಣು?"

ಮುದುಕಿ ಕಿಟಕಿಯತ್ತ ತಿರುಗಿದಳು. "ಬೆಳಿಗ್ಗೆ ಒಂದು ಕಣ್ಣಿಗೆ ಕತ್ತಲು ಬಂದಂಗಾಯ್ತು. ಆಮೇಲೆ ಹೋಯ್ತು ಬಿಡಮ್ಮ."

"ನಂಗೆ ಹೇಳಲೇ ಇಲ್ಲ!" ಹಾಲ್ವರ್ ಬೆಚ್ಚಿದ.

"ನೀನು ಕೇಳಿದ್ಯಾ?"

ಇಂಗುನ್ ಅವಳ ಹಣೆಯ ಪಕ್ಕ ಮೆಲ್ಲಗೆ ಬೆರಳಿಟ್ಟಳು. ರಕ್ತನಾಳ ಗಟ್ಟಿಯಾಗಿ ಉಬ್ಬಿತ್ತು. ಜೈಂಟ್ ಸೆಲ್ ಆರ್ಟರೈಟಿಸ್! ತಲೆಯ ರಕ್ತನಾಳಗಳು ಊದಿಕೊಳ್ಳುವ ಕಾಯಿಲೆ. ತಡವಾದರೆ ಕಣ್ಣು ಹೋಗುತ್ತದೆ, ಹೋದ ಕಣ್ಣು ಮತ್ತೆ ಬರುವುದಿಲ್ಲ.

'ದೇವರೇ... ಹೋದ ವಾರವೇ ಇದು ನನ್ನೆದುರು ಕೂತಿತ್ತಲ್ಲ!'

ಕಡಲಾಚೆ ದಡದ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದಳು. ಸ್ಟೀರಾಯ್ಡ್ ಈಗಲೇ ಕೊಡಿ, ಪರೀಕ್ಷೆಗೆ ಕಾಯಬೇಡಿ, ಇವತ್ತೇ ಕಳಿಸಿ ಎಂದರು ಅಲ್ಲಿನ ತಜ್ಞರು.

ಓಸ್ತಾ ಮಾತ್ರೆಗಳನ್ನೇನೋ ನುಂಗಿದಳು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. "ಅಲ್ಲಿ ನನಗಿಂತ ಕಷ್ಟದಲ್ಲಿರೋರು ಇರ್ತಾರೆ. ನಾನು ಬರಲ್ಲ!"

ಇಂಗುನ್ ಅವಳೆದುರು ಮಂಡಿಯೂರಿದಳು.

"ಹೋದ ವಾರ ನಾನು ನಿಮ್ಮನ್ನ ಸರಿಯಾಗಿ ನೋಡ್ಲೇ ಇಲ್ಲ. ಇವರಿಗೆ ನನ್ನನ್ನ ತೋರಿಸೋಕೆ ನೆಪ ಹೂಡಿದ್ದೀರಿ ಅಂದ್ಕೊಂಡೆ. ನನ್ನ ತಪ್ಪಿಗೆ ನಿಮ್ಮ ಕಣ್ಣು ಹೋಗೋದು ಬೇಡ... ದಯವಿಟ್ಟು ಹೋಗಿ."

ಮುದುಕಿ ಮೆಲ್ಲಗೆ ಎದ್ದಳು. ಹಾಲ್ವರ್ ಅವಳಿಗೆ ಕೋಟು ತೊಡಿಸಿ, ಇಂಗುನ್ ಕಡೆ ತಿರುಗಿಯೂ ನೋಡದೆ ದೋಣಿಕಟ್ಟೆಗೆ ಕರೆದುಕೊಂಡು ಹೋದ.

ಅದು ಇಂಗುನ್‌ಳನ್ನು ಚುಚ್ಚಿತು. 'ಅವನು ನನ್ನನ್ನು ಕ್ಷಮಿಸುವುದಿಲ್ಲ. ಆದರೆ... ಅದು ನನಗೇಕೆ ಇಷ್ಟು ನೋಯಬೇಕು?'

ಎರಡು ದಿನದ ಮೇಲೆ ರಜೆ ಸಿಕ್ಕ ಕೂಡಲೇ ತಾನೂ ದೋಣಿ ಹತ್ತಿದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಹಾಲ್ವರ್ ಒಬ್ಬನೇ ಕೂತಿದ್ದ.

"ಕಣ್ಣು...?" ಅವಳು ಕೇಳಿದಳು.

"ಎರಡೂ ಉಳಿದಿವೆ. ನಿಮ್ಮ ಅನುಮಾನ ನಿಜವಾಯ್ತು. ಇನ್ನೊಂದಿಷ್ಟು ತಡವಾಗಿದ್ರೆ ಹೋಗ್ತಿತ್ತಂತೆ."

ಇಂಗುನ್ ಅವನ ಪಕ್ಕದಲ್ಲಿ ಕೂತಳು. ಕಣ್ಣೀರು ತಡೆಯಲಾಗಲಿಲ್ಲ. "ನನ್ನ ಮೇಲೆ ಕೋಪ ಇದ್ಯಾ?"

"ಅವತ್ತಿತ್ತು. ಆಮೇಲೆ ನಂಗೇ ನಾಚಿಕೆ ಆಯ್ತು." ಅವನು ಕೈಬೆರಳು ಹೆಣೆದು ನೆಲ ನೋಡಿದ. "ದೊಡ್ಡಮ್ಮನ ನೋವು ನೆಪ ಅಲ್ಲ ಡಾಕ್ಟ್ರೇ. ಆದ್ರೆ ಮೊದಲನೇ ಸಲ, ಅವಳು ಬೇಡ ಬೇಡ ಅಂದ್ರೂ ಹಠ ಮಾಡಿ ಕರ್ಕೊಂಡು ಬಂದಿದ್ದು ನಾನೇ... ನಿಮ್ಮನ್ನ ನೋಡೋ ಆಸೆಗೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಹಾಗಾದ್ರೆ ನಾನು ಅಂದ್ಕೊಂಡಿದ್ದು ಅರ್ಧ ಸರಿ!"

"ಅರ್ಧ," ಎಂದು ಅವನೂ ನಕ್ಕ.

ಇಂಗುನ್ ಅವನ ಕೈ ಹಿಡಿದಳು. "ಇನ್ಮೇಲೆ ನನ್ನನ್ನ ನೋಡ್ಬೇಕು ಅನ್ಸಿದ್ರೆ ಯಾರನ್ನೂ ಕರ್ಕೊಂಡು ಬರ್ಬೇಡಿ."

"ಮತ್ತೆ?"

"ಒಬ್ರೇ ಬನ್ನಿ, ಮನೆಗೆ. ಕಾಫಿ ಇಡ್ತೀನಿ."