ಗೋಡೆಯ ದಪ್ಪ

ಆ ಬೆಳಗ್ಗೆ ಕವಿದಿದ್ದ ಮಂಜು ನೆಲ ಬಿಟ್ಟು ಏಳಲೇ ಇಲ್ಲ. ಎಲೆಗಳಿಂದ ತೊಟ್ಟಿಕ್ಕುವ ಹನಿಗಳ ನಡುವೆ ಮೊಳೆ ಕೀಳುವ 'ಕಿರ್ರ್' ಸದ್ದು ಬೀದಿಯವರೆಗೂ ಕೇಳುತ್ತಿತ್ತು.

ಮೇಷ್ಟ್ರ ಹಿತ್ತಲಿನ ಗೇಟು ತಳ್ಳಿ ಅವಳು ಒಳಗೆ ಬಂದಳು. ಮೊನ್ನೆಯಷ್ಟೇ ಕಟ್ಟಿ ಮುಗಿಸಿದ ಮರದ ಶೆಡ್ಡನ್ನು ಬಡಗಿ ತಾನೇ ಬಿಚ್ಚುತ್ತಿದ್ದ!

"ಯಾರು ಹೇಳಿದ್ರು ಬಿಚ್ಚೋಕೆ? ಅಪ್ಪ ನಿನ್ನೆನೇ ನಿಮ್ಮನ್ನ ಕೆಲಸದಿಂದ ತೆಗೆದ್ರಲ್ಲ!"

"ಕೆಟ್ಟ ಕೆಲಸ ಸರಿಮಾಡೋಕೆ ಅಪ್ಪಣೆ ಯಾಕೆ ಮೇಡಂ?" ಅವನು ತಲೆ ಎತ್ತಲಿಲ್ಲ.

ಗಾಲಿಕುರ್ಚಿಯ ಮೇಷ್ಟ್ರಿಗೆ ಮತ್ತೆ ಸಸಿ ಬೆಳೆಸುವ ಆಸೆ. ಅವರಿಗೆಂದೇ ಹೊಸ್ತಿಲಿಲ್ಲದ ಬಾಗಿಲು, ಮೊಣಕಾಲು ತೂರುವಂಥ ಮೇಜು, ಕೂತಲ್ಲೇ ಕೈಗೆಟಕುವ ಕಿಟಕಿ. ಅಪ್ಪನ ಮರಗೆಲಸದ ಕಾರ್ಖಾನೆಯಲ್ಲಿ ಅವಳು ಒಬ್ಬಳೇ ಬರೆದ ಮೊದಲ ನಕ್ಷೆ ಅದು. "ಇದೊಂದು ಕೆಟ್ರೆ ನಕ್ಷೆ ಮೇಜು ಬಿಟ್ಟು ಮನೇಲಿರು" ಎಂದಿದ್ದರು ಅಪ್ಪ.

ನಿನ್ನೆ ಕುರ್ಚಿ ಒಳಗೆ ಹೋಯಿತು. ತಿರುಗಲಿಲ್ಲ.

"ಅಳತೆ ನಾನೇ ತಪ್ಪಿದೆ ಯಜಮಾನ್ರೇ" ಎಂದಿದ್ದ ಬಡಗಿ. ಎಲ್ಲರೆದುರು ಅವಳೂ ಸಿಡಿದಿದ್ದಳು... "ಕೈ ಇದ್ರೆ ಸಾಲದು, ಗಮನನೂ ಇರಬೇಕು!"

ಎಷ್ಟು ತಪ್ಪಿದ್ದಾನೆಂದು ಬರೆದುಕೊಳ್ಳಲೆಂದೇ ಈಗ ಟೇಪು ತಂದಿದ್ದಳು. ಶೆಡ್ಡಿನ ಅಗಲಕ್ಕೆ ಹೊರಗಿನಿಂದ ಹಿಡಿದಳು. ಐದೂವರೆ ಅಡಿ. ಅವಳು ಬರೆದದ್ದೂ ಐದೂವರೆ! ಒಳಗಿನಿಂದ ಹಿಡಿದಳು. ನಾಲ್ಕು ಅಡಿ ಎಂಟು ಅಂಗುಲ.

ಮತ್ತೊಮ್ಮೆ ಹಿಡಿದಳು. ಅಷ್ಟೇ.

ಕುರ್ಚಿ ತಿರುಗಲು ಐದಡಿ ಬೇಕೆಂದು ಲೆಕ್ಕ ಹಾಕಿ, ಸಡಿಲಕ್ಕೆಂದು ಅರ್ಧ ಅಡಿ ಸೇರಿಸಿದ್ದಳು. ಎರಡು ಗೋಡೆಗಳ ದಪ್ಪ ಕೂಡಿಸುವುದನ್ನೇ ಮರೆತಿದ್ದಳು. ನಕ್ಷೆಯಲ್ಲಿ ಬರೆದದ್ದು ಹೊರಗಿನ ಅಳತೆ ಎಂಬುದು ಕಾರ್ಖಾನೆಯ ಹಳೆಯ ರೂಢಿ; ಅವನು ಅದರಂತೆಯೇ ಕಟ್ಟಿದ್ದ. ಕಾಗದದ ಮೇಲೆ ಗೋಡೆ ಎಂದರೆ ಒಂದೇ ಗೆರೆ. ಮರಕ್ಕೆ ಮೈಯಿದೆ ನೋಡಿ, ದೇವರು ಕೊಟ್ಟದ್ದು.

"ನಿಮಗೆ ಗೊತ್ತಿತ್ತು!"

"ಕಂಬ ನಿಲ್ಲಿಸಿದ ದಿನ ಅನುಮಾನ ಬಂತು. ಕೇಳಬೇಕಿತ್ತು... ನೀವು ಮಾತು ಬಿಟ್ಟಿದ್ರಿ. ಅಷ್ಟರಮಟ್ಟಿಗೆ ತಪ್ಪು ನಂದೂ ಹೌದು."

ಹೌದು, ಬಿಟ್ಟಿದ್ದಳು. 'ನಂಗೊಂದು ಸಂಬಂಧ ಬಂದಿದೆ' ಎಂದು ಅವಳು ಹೇಳಿದರೆ, 'ಒಳ್ಳೇದಾಗ್ಲಿ' ಅಂದುಬಿಟ್ಟಿದ್ದ ಈ ಪುಣ್ಯಾತ್ಮ! ಒಂದು ವರ್ಷ ಅಪ್ಪನ ನಕ್ಷೆಗಳ ಮೇಲೆ ಇಬ್ಬರೂ ಬಗ್ಗಿ ನಿಂತ ಮೇಲೆ... ಒಳ್ಳೇದಾಗ್ಲಿಯಂತೆ!

"ಏನಮ್ಮಾ, ಜಗಳ ಜೋರಾಗಿದೆ?" ಜಗಲಿಯಿಂದ ಮೇಷ್ಟ್ರ ದನಿ. "ನಿನ್ನೆ ರಿವರ್ಸ್ ಗೇರಲ್ಲೇ ಹೊರಗೆ ಬಂದೆ ನೋಡು. ಪಾಠ ಹೇಳೋ ಬದಲು ಲಾರಿ ಓಡಿಸಬೇಕಿತ್ತು ನಾನು!"

"ಅವಳ ಮುಂದೆ ನಗ್ತೀರಿ," ಎಂದರು ಅವರ ಹೆಂಡತಿ. "ನಿನ್ನೆ ಬಿತ್ತನೆ ಬೀಜವನ್ನೆಲ್ಲ ಪಕ್ಕದ ಮನೆಗೆ ಕೊಟ್ಟು ಬಾ ಅಂದಿದ್ದು ಯಾರು?"

ಅವಳು ನಿಂತಲ್ಲೇ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ತಪ್ಪು ನಂದು."

"ಅವನೇ ಒಪ್ಕೊಂಡಿದಾನೆ. ಕನಿಕರಕ್ಕೆ ಸುಳ್ಳು ಹೇಳ್ಬೇಡ ಮಗಳೇ. ನಕ್ಷೆ ತಂದು ತೋರಿಸು, ನಂಬ್ತೀನಿ."

ಅವಳು ಅವನತ್ತ ತಿರುಗಿದಳು. "ನಕ್ಷೆ ಎಲ್ಲಿ?"

"ಕಳೆದುಹೋಯ್ತು."

"ನನ್ನ ಮುಖ ನೋಡಿ ಹೇಳಿ."

ನೋಡಲಿಲ್ಲ.

"ಉಳಿ ಹಿಡಿಯೋನಿಗೆ ಊರೆಲ್ಲ ನೆಂಟರು ಮೇಡಂ. ಎಲ್ಲಾದ್ರೂ ಕೆಲಸ ಸಿಗುತ್ತೆ. ನಿಮಗೆ ಆ ಮೇಜು ಬಿಟ್ರೆ..."

"ಅದಕ್ಕೆ ನನ್ನ ತಪ್ಪನ್ನ ಕದ್ರಾ?"

"ನೀವು ಅಲ್ಲಿ ಕೂತು ಬರೀತಿದ್ರೆ ಸಾಕು. ನಾನು ಎಲ್ಲಿದ್ರೂ... ನಂಗೆ ಅಷ್ಟೇ ಸಾಕು." ಅವನು ಕಿತ್ತ ಮೊಳೆಯೊಂದನ್ನು ಡಬ್ಬಿಗೆ ಹಾಕಿದ. "ಇಷ್ಟ ಇತ್ತು. ಮೊದಲ ದಿನದಿಂದ. ಯಜಮಾನ್ರ ಮಗಳನ್ನ ಏನಂತ ಕೇಳಲಿ?"

ಕಾದು ಕಾದು ಸೋತಿದ್ದ ಮಾತು ಇಂಥ ಹೊತ್ತಿನಲ್ಲಿ ಬರಬೇಕೇ! ಅವಳ ಕಣ್ಣು ತುಂಬಿತು. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಇನ್ನೊಬ್ಬರ ಹೊರೆ ಹೊತ್ತವನ ಬೆನ್ನು ಹೇಗೋ ತಾಳುತ್ತದೆ. ಹೊರಿಸಿದವರ ಎದೆ ತಾಳಬೇಕಲ್ಲ?

"ನಿನ್ನೆ ಎಲ್ಲರೆದುರು ನಿಮ್ಮ ಕೈನ ಹಳಿದೆ. ಇವತ್ತು ಎಲ್ಲರೆದುರು ಸರಿ ಹೇಳಬೇಕು. ನನ್ನ ತಪ್ಪನ್ನ ನನಗೆ ಕೊಡಿ. ಅದನ್ನ ನೀವೇ ಇಟ್ಕೊಂಡ್ರೆ ಜೀವನಪೂರ್ತಿ ನಿಮ್ಮ ಋಣದಲ್ಲಿರ್ತೀನಿ... ಹೆಂಡ್ತಿಯಾಗಿ ಇರೋಕಾಗಲ್ಲ."

ಸುತ್ತಿಗೆ ಹುಲ್ಲಿನ ಮೇಲೆ ಬಿತ್ತು.

"ಏನಂದ್ರಿ?"

"ಕೇಳಿಸ್ತಲ್ಲ."

"ಮೇಜು ಹೋದ್ರೆ?"

"ಹೋಗ್ಲಿ. ನೀವು ಹಲಗೆ ಕೊಯ್ಯುವಾಗ ಒಂದು ತುದೀಲಿ ಕೂತು ಬರೀತೀನಿ."

"ಅಲ್ಲಿ ಕೂತ್ರೆ ಬರೀ ಹೊಟ್ಟು ಹಾರುತ್ತೆ, ಮೇಡಂ."

"ಮೇಡಂ ಅಂತೀರಲ್ಲ ಇನ್ನೂ!" ಅಳುತ್ತಲೇ ನಕ್ಕಳು. "ಇನ್ನು ಅನುಮಾನ ಬಂದ್ರೆ ಕೇಳಿ. ನಾನು ಎಷ್ಟೇ ಮುನಿಸ್ಕೊಂಡಿದ್ರೂ."

"ಕೇಳ್ತೀನಿ. ನೀನೂ ಮಾತು ಬಿಡ್ಬೇಡ."

"ಬಿಡಲ್ಲ."

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. ಬೆವರಿಗೆ ಮೂಲೆ ಮೆತ್ತಗಾಗಿತ್ತು.

ಎರಡೂ ಕೈಯಲ್ಲಿ ಆ ನಕ್ಷೆಯನ್ನು ಅವಳ ಕೈಗಿಟ್ಟ.